ದಿನಸಿ ಅಂಗಡಿಯ ಹಿಂದಿನ ಶಾಲೆ

ಈಸಾ ಜೆಂಕಿನ್ಸ್ ಗ್ರೀಕ್ ಭಾಷೆ ಕಲಿತದ್ದು ತರಕಾರಿ ಮಾರುವುದಕ್ಕೆ. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ ಆಗ ತರಕಾರಿ ಕೊಳ್ಳುತ್ತಿದ್ದ ಅಂಗಡಿಕಾರರಲ್ಲಿ ಗ್ರೀಸಿನಿಂದ ಬಂದು ನೆಲೆಸಿದವರು ಬಹಳ. ಅವರದೇ ಮಾತಿನಲ್ಲಿ ಚೌಕಾಸಿ ಮಾಡಿದರೆ ನಾಲ್ಕು ಕಾಸು ಹೆಚ್ಚು ಗಿಟ್ಟುತ್ತದೆಂದು, ನಾಲ್ಕನೇ ತರಗತಿಗೇ ಶಾಲೆ ಬಿಟ್ಟಿದ್ದ ಈ ಕಪ್ಪು ರೈತನಿಗೆ ಹೊಳೆದಿತ್ತು. ಭಾಷೆ ಬಂತು, ವ್ಯಾಪಾರ ಕುದುರಿತು, ಲಾರಿ ಬಂತು, ಲಾರಿಯ ಬೆನ್ನಿಗೆ ಬಸ್ಸೂ ಬಂತು. ಆ ಬಸ್ಸಿನೊಳಗೆ ಶುರುವಾದ ಪಾಠ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳ ಮತದಾರರ ಪಟ್ಟಿಯೊಳಗೇ ಕೈ ಹಾಕಿತು.

ನಾಗರಿಕ ಹಕ್ಕುಗಳ ಚಳವಳಿ ಎಂದ ಕೂಡಲೇ ನಮಗೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್, ವಾಷಿಂಗ್ಟನ್ನಿನ ಆ ಭಾಷಣ, ಸೆಲ್ಮಾ ಸೇತುವೆಯ ಮೇಲಿನ ಲಾಠಿ ಏಟು. ಮೆರವಣಿಗೆಗೆ ಕ್ಯಾಮೆರಾ ಬರುತ್ತದೆ. ಒಬ್ಬ ಅಜ್ಜಿ ತನ್ನ ಹೆಸರು ಬರೆಯಲು ಕಲಿಯುವ ಕಡೆ ಯಾರೂ ಕ್ಯಾಮೆರಾ ಹಿಡಿದು ಕೂರುವುದಿಲ್ಲ. ಆದರೆ ಮತದಾರರ ಪಟ್ಟಿಗೆ ಹೆಸರು ಸೇರುವ ಕೆಲಸ ನಡೆದದ್ದು ಬಹುಪಾಲು ಅಂಥ ಕಡೆಗಳಲ್ಲೇ. ಅದನ್ನು ಮಾಡಿದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಧೈರ್ಯ ಯಾರಿಗಿತ್ತು ಎಂಬುದಕ್ಕಿಂತ ಯಾರ ಅನ್ನ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಇಲ್ಲಿ ದೊಡ್ಡದು.

ಜೆಂಕಿನ್ಸ್ ಹುಟ್ಟಿದ್ದು 1910ರಲ್ಲಿ, ಚಾರ್ಲ್‌ಸ್ಟನ್‌ನ ಮಗ್ಗುಲಲ್ಲೇ ಇರುವ ಜಾನ್ಸ್ ದ್ವೀಪದಲ್ಲಿ. ಉಪ್ಪುನೀರಿನ ಜವುಗು, ಹರಡಿಕೊಂಡ ಓಕ್ ಮರಗಳು, ಒಂದು ಕಾಲಕ್ಕೆ ಉದ್ದ ಎಳೆಯ ಹತ್ತಿ ಬೆಳೆದ ಹೊಲಗಳು. ಗುಲಾಮರಾಗಿ ಹಡಗೇರಿ ಬಂದ ಆಫ್ರಿಕನ್ನರ ಸಂತತಿ ಇಲ್ಲಿ ಗಲ್ಲಾ ಎಂಬ ತಮ್ಮದೇ ಮಾತು, ತಮ್ಮದೇ ಹಾಡು ಉಳಿಸಿಕೊಂಡು ಬಂದಿತ್ತು. ಪೇಟೆ ಹತ್ತಿರವಿದ್ದರೂ ಸೇತುವೆ, ರಸ್ತೆ ಬರುವ ತನಕ ದೋಣಿಯೇ ಗತಿ. ಶಾಲೆಯಂತೂ ಹೆಸರಿಗೆ. 1916ರಲ್ಲಿ ಸೆಪ್ಟಿಮಾ ಕ್ಲಾರ್ಕ್ ಎಂಬ 18ರ ಹುಡುಗಿ ಚಾರ್ಲ್‌ಸ್ಟನ್‌ನಿಂದ ಇಲ್ಲಿಗೆ ಮೇಷ್ಟರಾಗಿ ಬಂದಾಗ 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ಕ್ಲಾರ್ಕ್‌ಗೆ ತಿಂಗಳಿಗೆ 35 ಡಾಲರ್, ಜೊತೆಗಿದ್ದವರಿಗೆ 25. ಅಲ್ಲೇ ಎದುರಿನ ಬಿಳಿಯರ ಶಾಲೆಯಲ್ಲಿ ಮಕ್ಕಳು ಮೂವರು, ಶಿಕ್ಷಕಿಯ ಸಂಬಳ 85. ಈ ಲೆಕ್ಕವನ್ನು ಕ್ಲಾರ್ಕ್ ಸಾಯುವ ತನಕ ಮರೆಯಲಿಲ್ಲ. ಯಾರಾದರೂ ಹೇಗೆ ಮರೆತಾರು!

1945ರಲ್ಲಿ ಜೆಂಕಿನ್ಸ್ ಬಸ್ಸು ಕೊಂಡದ್ದು ಮಕ್ಕಳಿಗಾಗಿ. ದ್ವೀಪದಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲು ಇರಲಿಲ್ಲ, ಓದಬೇಕಾದರೆ ಚಾರ್ಲ್‌ಸ್ಟನ್‌ಗೆ ಹೋಗಬೇಕು, ಸರಕಾರ ಅವರಿಗೆ ಬಸ್ಸು ಬಿಡುತ್ತಿರಲಿಲ್ಲ. ಮಕ್ಕಳ ಜೊತೆಗೆ ದುಡಿಯುವವರೂ ಹತ್ತತೊಡಗಿದರು: ಪೇಟೆಯ ಚುರುಟಿನ ಕಾರ್ಖಾನೆಗೆ ಹೋಗುವವರು, ಹಡಗುಕಟ್ಟೆಯ ಕೂಲಿಗಳು, ಬಿಳಿಯರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುವ ಹೆಂಗಸರು. ಡ್ರೈವರ್ ಸೀಟಿನಲ್ಲಿ ಜೆಂಕಿನ್ಸ್. ಬಸ್ಸಿನಲ್ಲಿ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಇಲ್ಲಿ ಮತದ ಕಡೆಗೆ ತಿರುಗುತ್ತಿತ್ತು.

ಆ ರಾಜ್ಯದ ಕಾನೂನನ್ನು ಸ್ವಲ್ಪ ವಿವರಿಸಬೇಕು. ಗುಲಾಮಗಿರಿ ಹೋದ ಮೇಲೆ ಕಪ್ಪು ಗಂಡಸರಿಗೆ ಸಿಕ್ಕಿದ್ದ ಮತವನ್ನು ಕಿತ್ತುಕೊಳ್ಳಲೆಂದೇ ಬೆನ್ ಟಿಲ್‌ಮನ್ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ 1895ರ ರಾಜ್ಯ ಸಂವಿಧಾನ ಬರೆದರು. ಮತದಾರನಾಗಬೇಕೆಂದರೆ ಆ ಸಂವಿಧಾನದ ಯಾವುದಾದರೂ ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೇ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ಮೇಲುನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಯಾವ ಭಾಗ ಓದಿಸಬೇಕು, ಓದಿದ್ದು ಸರಿಯೋ ತಪ್ಪೋ ಎಂದು ಹೇಳುವವನು ನೋಂದಣಿ ಕಚೇರಿಯ ಬಿಳಿಯ ಅಧಿಕಾರಿ. ಉಚ್ಚಾರ ಒಂದಿಷ್ಟು ಅತ್ತಿತ್ತ ಆದರೂ ವಾಪಸ್ಸು. ಅದರ ಮೇಲೆ ಇನ್ನೊಂದು ತಡೆ: ರಾಜ್ಯದಲ್ಲಿ ಇದ್ದದ್ದು ಒಂದೇ ಪಕ್ಷ, ಡೆಮಾಕ್ರಟಿಕ್ ಪಕ್ಷ, ಅದರ ಒಳಚುನಾವಣೆಯಲ್ಲಿ ಗೆದ್ದವನೇ ಗೆದ್ದಂತೆ, ಅಲ್ಲಿ ಬಿಳಿಯರಿಗಷ್ಟೇ ಪ್ರವೇಶ. ಆ ಬಾಗಿಲನ್ನು 1947ರಲ್ಲಿ ತೆರೆಸಿದವರು ಚಾರ್ಲ್‌ಸ್ಟನ್‌ನ ಹಳೆಯ ಬಿಳಿಯ ಮನೆತನದವರೇ ಆದ ನ್ಯಾಯಾಧೀಶ ವೇಟೀಸ್ ವೇರಿಂಗ್. ತೀರ್ಪು ಕೊಟ್ಟ ತಪ್ಪಿಗೆ ಅವರ ಜಾತಿಬಾಂಧವರು, ಹಾಗೆನ್ನಬಹುದಾದರೆ, ಅವರನ್ನು ಮನೆಗೆ ಸೇರಿಸುವುದನ್ನೇ ಬಿಟ್ಟರು.

ಒಳಚುನಾವಣೆಯ ಬಾಗಿಲು ತೆರೆಯಿತು, ಓದಿನ ಪರೀಕ್ಷೆ ಹಾಗೇ ಉಳಿಯಿತು. ಜೆಂಕಿನ್ಸ್ 1948ರಲ್ಲಿ ಊರವರನ್ನು ಸೇರಿಸಿ ಪ್ರೋಗ್ರೆಸಿವ್ ಕ್ಲಬ್ ಕಟ್ಟಿದರು. ಸಂವಿಧಾನದ ಆ ಭಾಗಗಳ ಪ್ರತಿಗಳನ್ನು ಬಸ್ಸಿನಲ್ಲಿ ಹಂಚಿ, ದಾರಿಯುದ್ದಕ್ಕೂ ಓದಿ ಹೇಳಿ, ಅರ್ಥ ಬಿಡಿಸುತ್ತಿದ್ದರು. ಪ್ರಯಾಣಿಕರಲ್ಲಿ ಆಲಿಸ್ ವೈನ್ ಎಂಬ ಹೆಂಗಸಿದ್ದರು. ಅವರಿಗೆ ಓದು ಬಾರದು, ನೆನಪಿನ ಶಕ್ತಿ ಮಾತ್ರ ಅಪಾರ. ಕೇಳಿ ಕೇಳಿ ಇಡೀ ಭಾಗವನ್ನು ಬಾಯಿಪಾಠ ಮಾಡಿದರು, ಕಚೇರಿಗೆ ಹೋಗಿ ಕಾಗದ ಹಿಡಿದು ಒಪ್ಪಿಸಿದರು, ನೋಂದಣಿ ಚೀಟಿ ಹಿಡಿದು ಬಂದರು. ಬಂದ ಮೇಲೂ ಅವರಿಗೆ ಸಮಾಧಾನವಿಲ್ಲ. ಬಾಯಿಪಾಠ ಸಾಕಾಗದು, ನಿಜಕ್ಕೂ ಓದಲು ಬರಬೇಕು ಎಂದು ಜೆಂಕಿನ್ಸ್ ಅವರ ಬೆನ್ನು ಹತ್ತಿದರು. ಓಡುವ ಬಸ್ಸಿನಲ್ಲಿ ಅಕ್ಷರ ತಿದ್ದಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಬೇರೆ ರಾಜ್ಯದ ಒಂದು ಗುಡ್ಡದ ಮೇಲೆ. ಟೆನೆಸಿಯ ಮಾಂಟೀಗಲ್‌ನಲ್ಲಿ ಮೈಲ್ಸ್ ಹಾರ್ಟನ್ ಎಂಬ ಬಿಳಿಯ 1932ರಲ್ಲಿ ತೆರೆದಿದ್ದ ಹೈಲ್ಯಾಂಡರ್ ಜನಪದ ಶಾಲೆ, ಕಪ್ಪು ಬಿಳಿ ಜನ ಒಂದೇ ಮೇಜಿನಲ್ಲಿ ಉಂಡು ಒಂದೇ ಸೂರಿನಡಿ ಮಲಗುತ್ತಿದ್ದ ಅಪರೂಪದ ಜಾಗ. ದಕ್ಷಿಣದಲ್ಲಿ ಆಗ ಅದೇ ಒಂದು ಅಪರಾಧ. 1954ರ ಬೇಸಿಗೆಯಲ್ಲಿ ಸೆಪ್ಟಿಮಾ ಕ್ಲಾರ್ಕ್ ತಮ್ಮ ಹಳೆಯ ದ್ವೀಪದ ಪರಿಚಯದ ಜೆಂಕಿನ್ಸ್ ಅವರನ್ನು ಅಲ್ಲಿಗೆ ಕರೆದೊಯ್ದರು. ಶಿಬಿರದ ವಿಷಯ ವಿಶ್ವಸಂಸ್ಥೆ. ನಿಮ್ಮ ನಿಮ್ಮ ಊರಿನ ಕಷ್ಟ ಏನು ಎಂಬ ಮಾತು ಬಂದಾಗ ಜೆಂಕಿನ್ಸ್ ವಿಶ್ವಸಂಸ್ಥೆಯನ್ನು ಪಕ್ಕಕ್ಕಿಟ್ಟರು: ನಮ್ಮ ಜನಕ್ಕೆ ಓದು ಬಾರದು, ಅದಕ್ಕೇ ಮತವಿಲ್ಲ, ರಾತ್ರಿ ಶಾಲೆ ಬೇಕು.

ಹಾರ್ಟನ್ ದ್ವೀಪಕ್ಕೆ ಬಂದು ಜೆಂಕಿನ್ಸ್ ಮನೆಯಲ್ಲೇ ಉಳಿದು ನೋಡಿದರು. ಸರಕಾರದ ವಯಸ್ಕರ ಶಿಕ್ಷಣಕ್ಕೆ ದುಡ್ಡಿತ್ತು, ಆದರೆ ಯಾರೂ ಹೋಗುತ್ತಿರಲಿಲ್ಲ. ಕಾರಣ ದೊಡ್ಡದೇನಲ್ಲ. ಹೊಲ ಉತ್ತು, ಮೀನು ಹಿಡಿದು, ಮೊಮ್ಮಕ್ಕಳನ್ನು ಕಂಡ ಜನರನ್ನು ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರಿಸಿ, ಮಕ್ಕಳ ಪುಸ್ತಕ ಓದಿಸುತ್ತಿದ್ದರು. ನಾಚಿಕೆಪಟ್ಟು ಜನ ನಿಲ್ಲಿಸಿದರು, ಅಷ್ಟೇ. ಕಲಿಯುವ ಆಸೆ ಇಲ್ಲ ಎಂದು ಕಡತದಲ್ಲಿ ಬರೆಯುವುದು ಕಚೇರಿಗಳಿಗೆ ಸುಲಭ.

ಈ ನಡುವೆ ಕ್ಲಾರ್ಕ್ ಅವರ ಅನ್ನಕ್ಕೆ ಕಲ್ಲು ಬಿತ್ತು. 1956ರಲ್ಲಿ ಸೌತ್ ಕ್ಯಾರೊಲಿನಾ ಒಂದು ಕಾನೂನು ಮಾಡಿತು: ಕಪ್ಪು ಜನರ ಹಕ್ಕುಗಳಿಗೆ ಕೋರ್ಟಿನಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಸದಸ್ಯರಿಗೆ ಸರಕಾರಿ ಕೆಲಸವಿಲ್ಲ. ಕ್ಲಾರ್ಕ್ ಸದಸ್ಯತ್ವ ಬಿಡಲೊಲ್ಲದೆ ಕೆಲಸ ಕಳೆದುಕೊಂಡರು. ವಯಸ್ಸು 58, ಸೇವೆ ಸುಮಾರು 40 ವರ್ಷ, ಪಿಂಚಣಿಯೂ ಹೋಯಿತು. ಈ ಕಾನೂನನ್ನು ಒಟ್ಟಾಗಿ ವಿರೋಧಿಸೋಣ ಎಂದು ಅವರು ಕಪ್ಪು ಶಿಕ್ಷಕರಿಗೆ 726 ಪತ್ರ ಬರೆದರು. ಉತ್ತರ ಬಂದದ್ದು 26. ಅವರದೇ ಮಹಿಳಾ ಸಂಘ ಅವರ ಗೌರವಾರ್ಥ ಒಂದು ಸಮಾರಂಭ ಇಟ್ಟುಕೊಂಡಿತು, ಆದರೆ ಅಲ್ಲಿ ಬಂದವರು ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಹಿಂಜರಿದರು. ಫೋಟೊ ಯಾರ ಕೈಗೆ ಸಿಕ್ಕಿ ಯಾರ ಕೆಲಸ ಹೋದೀತೋ! ಆ 700 ಮಂದಿಯನ್ನು ಹೇಡಿಗಳೆಂದು ಇಂದು ಕೂತು ಕರೆಯುವುದು ನ್ಯಾಯವಲ್ಲ. ಇಡೀ ಕುಟುಂಬಕ್ಕೆ ಒಂದೇ ಸಂಬಳ, ಆ ಸಂಬಳದ ಚೆಕ್ಕಿಗೆ ಸಹಿ ಹಾಕುವವನು ಬಿಳಿಯ ಅಧಿಕಾರಿ.

ಹೈಲ್ಯಾಂಡರ್ ಶಾಲೆ ಕ್ಲಾರ್ಕ್ ಅವರನ್ನು ಕರೆದು ಕೆಲಸ ಕೊಟ್ಟಿತು. ರಾತ್ರಿ ಶಾಲೆಯ ಯೋಜನೆ ಅವರ ಕೈಗೆ ಬಂತು. ಹಾಗಾದರೆ ಪಾಠ ಹೇಳುವವರು ಯಾರು? ತರಬೇತಾದ ಶಿಕ್ಷಕರು ಬರುವಂತಿಲ್ಲ, ಬಂದರೂ ಮತ್ತೆ ಅದೇ ಬೆಂಚು, ಅದೇ ಬೈಗುಳ ಎಂಬ ಅನುಮಾನ. ಕ್ಲಾರ್ಕ್ ಮತ್ತು ಜೆಂಕಿನ್ಸ್ ಆರಿಸಿದ್ದು ಬರ್ನೀಸ್ ರಾಬಿನ್ಸನ್ ಅವರನ್ನು. ಕ್ಲಾರ್ಕ್‌ಗೆ ಸಂಬಂಧಿ, ಚಾರ್ಲ್‌ಸ್ಟನ್‌ನಲ್ಲಿ ಕಪ್ಪು ಹೆಂಗಸರ ಕೂದಲು ನೇರ ಮಾಡಿ ಜಡೆ ಕಟ್ಟುವ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು. ನನಗೆ ಪಾಠ ಮಾಡಿ ಗೊತ್ತಿಲ್ಲ ಎಂದು ಅವರು ಕೈ ಕೊಡವಿದರು. ಅದಕ್ಕೇ ನೀನೇ ಆಗಬೇಕು ಎಂದರು ಇವರು. ಇನ್ನೊಂದು ಕಾರಣವೂ ಇತ್ತು. ರಾಬಿನ್ಸನ್ ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರು. ಯಾವ ಬಿಳಿಯನೂ ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ದಕ್ಷಿಣ ರಾಜ್ಯಗಳಲ್ಲಿ ಚಳವಳಿಗೆ ಬೆನ್ನೆಲುಬಾದವರಲ್ಲಿ ಬ್ಯೂಟಿ ಪಾರ್ಲರಿನವರು, ಶವಸಂಸ್ಕಾರದ ವ್ಯಾಪಾರದವರು, ಪಾದ್ರಿಗಳು, ಸ್ವಂತ ಜಮೀನಿನ ರೈತರು ಇಷ್ಟೊಂದು ಜನ ಯಾಕಿದ್ದರು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬಸ್ಸು, ಲಾರಿ ಎರಡೂ ಸ್ವಂತದ್ದಾಗಿದ್ದ ಜೆಂಕಿನ್ಸ್ ಕೂಡ ಅದೇ ಸಾಲಿನವರು.

ಜಾಗ ಬೇಕಲ್ಲ. ಹೈಲ್ಯಾಂಡರ್ 1,500 ಡಾಲರನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟಿತು, ಕ್ಲಬ್ಬಿನವರು ಒಂದು ಹಳೆಯ ಶಾಲಾ ಕಟ್ಟಡ ಕೊಂಡರು. ಮುಂದಿನ ಕೋಣೆಯಲ್ಲಿ ಸಹಕಾರಿ ದಿನಸಿ ಅಂಗಡಿ. ಹಿಂದೆ ಎರಡು ಕೋಣೆ, ಕಿಟಕಿಯಿಲ್ಲದ್ದು. ದಾರಿಯಲ್ಲಿ ಹೋಗುವ ಬಿಳಿಯರಿಗೆ ಕಾಣಿಸುವುದು ಅಂಗಡಿ ಮಾತ್ರ, ಒಳಗೆ ಏನು ನಡೆಯುತ್ತಿದೆ ಎಂಬುದು ತಿಳಿಯದು. ಅಂಗಡಿಯೇನೂ ಬರಿಯ ಮರೆಯಾಗಿರಲಿಲ್ಲ. ಊರವರೇ ಕೊಂಡು ಊರವರೇ ಮಾರುವ ವ್ಯವಹಾರ ಜೆಂಕಿನ್ಸ್‌ಗೆ ಮತದಷ್ಟೇ ಮುಖ್ಯವಾಗಿತ್ತು.

1957ರ ಜನವರಿ 7ರಂದು ಮೊದಲ ತರಗತಿ. ಹೊಲದ ಕೆಲಸ ಕಡಿಮೆಯಿರುವ ಕಾಲ ನೋಡಿ ಜನವರಿ, ಫೆಬ್ರವರಿ ಗೊತ್ತುಮಾಡಿದ್ದರು, ವಾರಕ್ಕೆ ಎರಡು ರಾತ್ರಿ. ಬಂದವರು 14 ಮಂದಿ. ರಾಬಿನ್ಸನ್ ಮಕ್ಕಳ ಪಠ್ಯಪುಸ್ತಕ ಹೊತ್ತು ಹೋಗಿದ್ದರು, ಇವರ ಮುಖ ನೋಡಿದ ಕೂಡಲೇ ಅದು ಕೆಲಸಕ್ಕೆ ಬಾರದೆಂದು ಗೊತ್ತಾಯಿತು. ಪುಸ್ತಕ ಪಕ್ಕಕ್ಕಿಟ್ಟು, ನಾನು ಮೇಷ್ಟರಲ್ಲ, ಎಲ್ಲರೂ ಸೇರಿ ಕಲಿಯೋಣ, ನಿಮಗೆ ಏನು ಬೇಕು ಹೇಳಿ ಎಂದರು. ಪಟ್ಟಿ ಬಂತು: ಹೆಸರು ಬರೆಯಬೇಕು. ಬೈಬಲ್ ಓದಬೇಕು. ಪೇಪರು ಓದಬೇಕು. ಅಂಚೆಯಲ್ಲಿ ಸಾಮಾನು ತರಿಸುವ ಫಾರಂ, ಮನಿ ಆರ್ಡರ್ ಫಾರಂ ತುಂಬಬೇಕು. ಕೂಡುವ, ಕಳೆಯುವ ಲೆಕ್ಕ ಬೇಕು. ಮತಕ್ಕೆಂದು ತೆರೆದ ಶಾಲೆಯಲ್ಲಿ ಜನ ಮೊದಲು ಕೇಳಿದ್ದು ದಿನಬಳಕೆಯ ಮರ್ಯಾದೆಯನ್ನು. ರಾಬಿನ್ಸನ್ ಅದರಿಂದಲೇ ಶುರುಮಾಡಿದರು. ಈ ಶಾಲೆ ನಿಂತದ್ದು ಆ ಒಂದು ತೀರ್ಮಾನದಿಂದ ಎಂದು ನನಗನ್ನಿಸುತ್ತದೆ.

ಪಾಠದ ವಿಧಾನ ಸರಳ. ಒಬ್ಬೊಬ್ಬರ ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಕೊಡುವುದು, ಅದರ ಮೇಲೆ ಮತ್ತೆ ಮತ್ತೆ ತಿದ್ದಿಸುವುದು, ಕೈಗೆ ಆ ಅಕ್ಷರದ ತಿರುವು ಗುರುತು ಹತ್ತುವ ತನಕ. ನೇಗಿಲು, ಗುದ್ದಲಿ ಹಿಡಿದು ಬಲಿತ ಬೆರಳುಗಳಿಗೆ ಪೆನ್ಸಿಲ್ ಹಿಡಿಯುವ ಹದ ಗೊತ್ತಿರಲಿಲ್ಲ, ಒತ್ತಿದ ರಭಸಕ್ಕೆ ಪೆನ್ಸಿಲ್ ಲಟಕ್ಕನೆ ಮುರಿಯುತ್ತಿತ್ತು. ಇನ್ನೊಂದು ಕೊಟ್ಟು ಮತ್ತೆ ತಿದ್ದಿಸುವುದು. ನೋಂದಣಿ ಅರ್ಜಿಯಲ್ಲಿ ಬರುವ ಪದಗಳೇ ಕಾಗುಣಿತದ ಪಾಠ. ಸಂವಿಧಾನದ ನಾಲಗೆ ಹೊರಳದ ಪದಗಳನ್ನು ಒಡೆದು ಒಡೆದು ಉಚ್ಚರಿಸುವುದು, ಯಾಕೆಂದರೆ ಅಧಿಕಾರಿ ಕಾದು ಕೂರುವುದು ಅಲ್ಲೇ. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಅಂಟಿಸಿ, ತರಗತಿ ಮುಗಿಯುವಷ್ಟರಲ್ಲಿ ನೀವೆಲ್ಲ ಅದನ್ನು ಓದಿ ಅರ್ಥ ಹೇಳಬೇಕು ಎಂದರಂತೆ. ಒಂದು ದಿನ ಎಲ್ಲರ ಹೆಸರನ್ನೂ ಬೋರ್ಡಿನ ಮೇಲೆ ಬರೆದಾಗ 65ರ ಒಬ್ಬ ಅಜ್ಜಿ ಎದ್ದು ಬಂದು ಕೋಲು ತೆಗೆದುಕೊಂಡು, ಆ ಹೆಸರುಗಳ ನಡುವೆ ತನ್ನ ಹೆಸರು ಯಾವುದು ಎಂದು ತಾನೇ ಮುಟ್ಟಿ ತೋರಿಸಿದರು. ಮೈ ಜುಮ್ಮೆಂದಿತು ಎಂದು ರಾಬಿನ್ಸನ್ ಆಮೇಲೆ ನೆನೆಯುತ್ತಿದ್ದರು.

ಆ ತಂಡದವರು ನೋಂದಣಿ ಕಚೇರಿಗೆ ಹೋಗಿ ಚೀಟಿ ಪಡೆದು ಬಂದ ಸುದ್ದಿ ಅಕ್ಕಪಕ್ಕದ ದ್ವೀಪಗಳಿಗೆ ಹಬ್ಬಿತು. ವಾಡ್‌ಮಲಾ ದ್ವೀಪದಲ್ಲಿ ಜೆಂಕಿನ್ಸ್ ಅವರ ಮಗಳು ಎತೆಲ್ ಗ್ರಿಂಬಾಲ್ ಪಾಠ ಶುರುಮಾಡಿದರು, ಎಡಿಸ್ಟೊದಲ್ಲಿ ಇನ್ನೊಂದು, ಚಾರ್ಲ್‌ಸ್ಟನ್‌ನ ಉತ್ತರದ ಬಡಾವಣೆಯಲ್ಲಿ ಮತ್ತೊಂದು. ಇವಕ್ಕೆ ಪೌರತ್ವ ಶಾಲೆಗಳು ಎಂದು ಹೆಸರಾಯಿತು. ಓದುಬರಹದ ಜೊತೆಗೆ ತೆರಿಗೆ ಎಲ್ಲಿ ಹೋಗುತ್ತದೆ, ಶಾಲಾ ಮಂಡಳಿಯ ಕೆಲಸ ಏನು, ವೃದ್ಧಾಪ್ಯದ ಸಾಮಾಜಿಕ ಭದ್ರತೆಯ ಹಣಕ್ಕೆ ಅರ್ಜಿ ಹಾಕುವುದು ಹೇಗೆ ಎಂಬುದೂ ಪಾಠದಲ್ಲಿ ಸೇರಿತು.

ಹಾಡಿನ ಸಂಗತಿಯೊಂದು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಚಾರ್ಲ್‌ಸ್ಟನ್‌ನ ಚುರುಟಿನ ಕಾರ್ಖಾನೆಯಲ್ಲಿ 1945ರಲ್ಲಿ ಶುರುವಾಗಿ ಮರುವರ್ಷಕ್ಕೂ ಮುಂದುವರಿದ ಮುಷ್ಕರದಲ್ಲಿ ಕಪ್ಪು ಹೆಂಗಸರು ಒಂದು ಹಳೆಯ ಚರ್ಚಿನ ಹಾಡನ್ನು ಹೋರಾಟಕ್ಕೆ ಒಗ್ಗಿಸಿಕೊಂಡು ಹಾಡುತ್ತಿದ್ದರು. ಅವರಿಂದ ಅದು ಹೈಲ್ಯಾಂಡರಿಗೆ ಬಂತು. ಅಲ್ಲಿನ ಗಾಯಕ ಗೈ ಕ್ಯಾರವಾನ್ 1960ರಲ್ಲಿ ವಿದ್ಯಾರ್ಥಿ ಹೋರಾಟಗಾರರಿಗೆ ಅದನ್ನು ಕಲಿಸಿದರು. ಅದೇ ‘ವಿ ಶಲ್ ಓವರ್‌ಕಮ್’. ನಮ್ಮ ಶಾಲೆಗಳಲ್ಲಿ, ಎನ್‌ಎಸ್‌ಎಸ್ ಶಿಬಿರಗಳಲ್ಲಿ ಹಿಂದಿಯಲ್ಲೂ ಕನ್ನಡದಲ್ಲೂ ಕೈ ಕೈ ಹಿಡಿದು ಹಾಡುವ ಹಾಡು. ಕ್ಯಾರವಾನ್ ಜಾನ್ಸ್ ದ್ವೀಪದಲ್ಲೇ ನೆಲೆಸಿ ಅಲ್ಲಿನ ಹಾಡುಗಳನ್ನು ಧ್ವನಿಮುದ್ರಿಸಿದರು. ಚಳವಳಿಯ ಇನ್ನೊಂದು ಹೆಸರಾಂತ ಹಾಡು ‘ಐಸ್ ಆನ್ ದ ಪ್ರೈಜ್’. ಅದರ ಹಳೆಯ ಸಾಲಿನಲ್ಲಿ ನೇಗಿಲಿನ ಮೇಲಿದ್ದ ಕೈಯನ್ನು ಗುರಿಯ ಮೇಲಿನ ಕಣ್ಣಾಗಿ ಮಾಡಿದ್ದು ಬಸ್ಸಿನಲ್ಲಿ ಸಂವಿಧಾನ ಬಾಯಿಪಾಠ ಮಾಡಿದ ಅದೇ ಆಲಿಸ್ ವೈನ್ ಎಂದು ಹೇಳುತ್ತಾರೆ.

ಹೈಲ್ಯಾಂಡರಿನ ಮೇಲೆ ಸರಕಾರದ ಕಣ್ಣು ಬೀಳದೆ ಇರಲಿಲ್ಲ. 1959ರ ಜುಲೈ 31ರ ರಾತ್ರಿ ಪೊಲೀಸರು ನುಗ್ಗಿ ಕ್ಲಾರ್ಕ್ ಅವರನ್ನು ಹಿಡಿದೊಯ್ದರು. ಮೊಕದ್ದಮೆ ನಡೆದು ಕೊನೆಗೆ ಶಾಲೆಯ ಪರವಾನಗಿಯೇ ರದ್ದಾಯಿತು. ಅಷ್ಟರಲ್ಲಿ ಪೌರತ್ವ ಶಾಲೆಗಳ ಕೆಲಸವನ್ನು ಕಿಂಗ್ ಅವರ ಸಂಘಟನೆ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್ ವಹಿಸಿಕೊಂಡಿತ್ತು. ಕ್ಲಾರ್ಕ್, ಡೊರೊತಿ ಕಾಟನ್, ಆಂಡ್ರ್ಯೂ ಯಂಗ್ ಮೂವರೂ ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ತರಬೇತಿ ಕೊಡತೊಡಗಿದರು. ಹಳ್ಳಿಗಳಿಂದ ಬಂದವರು ಐದಾರು ದಿನ ಕಲಿತು, ತಮ್ಮೂರಿಗೆ ಹೋಗಿ ಅಡುಗೆಮನೆಯಲ್ಲೋ ಚರ್ಚಿನಲ್ಲೋ ಮರದಡಿಯಲ್ಲೋ ಶಾಲೆ ತೆರೆಯುತ್ತಿದ್ದರು. 1970ರ ಹೊತ್ತಿಗೆ ಅಂಥ ಸುಮಾರು 900 ಶಾಲೆಗಳು ನಡೆದಿದ್ದವು. ಇಷ್ಟಾದರೂ ಸಂಘಟನೆಯ ಗಂಡಸರಿಗೆ ಇದು ಹೆಂಗಸರ ಸಣ್ಣ ಕೆಲಸವಾಗೇ ಕಾಣುತ್ತಿತ್ತು. ಈಕೆ ಕಾರ್ಯಕಾರಿ ಮಂಡಳಿಯಲ್ಲಿ ಯಾಕಿದ್ದಾರೆ ಎಂದು ಕಿಂಗ್ ಅವರ ಜೊತೆಗಾರ ರಾಲ್ಫ್ ಅಬರ್ನತಿ ಕೇಳುತ್ತಿದ್ದುದನ್ನು ಕ್ಲಾರ್ಕ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಈ ಶಾಲೆಗಳ ದಾರಿಯಲ್ಲೇ ಬಂದವರು. ರೂಲ್‌ವಿಲ್‌ನ ಹತ್ತಿ ತೋಟವೊಂದರಲ್ಲಿ 18 ವರ್ಷ ಪಾಲಿಗೆ ದುಡಿದಿದ್ದರು. 1962ರ ಆಗಸ್ಟ್ 31ರಂದು ಇಂಡಿಯನೋಲಾ ಕಚೇರಿಗೆ ಹೋಗಿ ಮತದಾರರ ನೋಂದಣಿಗೆ ಅರ್ಜಿ ಕೊಟ್ಟರು. ಮನೆಗೆ ಮರಳುವಷ್ಟರಲ್ಲಿ ಸುದ್ದಿ ತೋಟದ ಯಜಮಾನನಿಗೆ ಮುಟ್ಟಿತ್ತು: ಅರ್ಜಿ ವಾಪಸ್ಸು ತಗೋ, ಇಲ್ಲವೇ ಜಾಗ ಖಾಲಿ ಮಾಡು. ಅವರು ಅದೇ ರಾತ್ರಿ ಹೊರಬಿದ್ದರು. ಮರುವರ್ಷ ಜೂನ್‌ನಲ್ಲಿ ಚಾರ್ಲ್‌ಸ್ಟನ್‌ನಲ್ಲಿ ಪೌರತ್ವ ಶಾಲೆಯ ತರಬೇತಿ ಮುಗಿಸಿ ಬಸ್ಸಿನಲ್ಲಿ ಮರಳುತ್ತಿದ್ದಾಗ ವಿನೋನಾ ಎಂಬಲ್ಲಿ ಪೊಲೀಸರು ಹಿಡಿದು, ಜೈಲಿನೊಳಗೆ ಹೊಡೆಸಿದರು. ಆ ಪೆಟ್ಟಿನ ನೋವು ಅವರ ಮೈಯಿಂದ ಕೊನೆತನಕ ಹೋಗಲಿಲ್ಲ. ಜಾನ್ಸ್ ದ್ವೀಪದಲ್ಲಿ ಜೆಂಕಿನ್ಸ್‌ಗೆ ಯಾರೂ ಜಾಗ ಖಾಲಿ ಮಾಡು ಎನ್ನುವಂತಿರಲಿಲ್ಲ. ಹೇಮರ್ ಅವರ ಸೂರು, ಹೊಲ, ಅನ್ನ ಮೂರೂ ಒಬ್ಬನೇ ಯಜಮಾನನ ಮುಷ್ಟಿಯಲ್ಲಿದ್ದವು. ಹಾಗಿದ್ದೂ ಹೋದರು. ಅವರ ಧೈರ್ಯದ ಅಳತೆ ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಸೌತ್ ಕ್ಯಾರೊಲಿನಾ ಸೇರಿದಂತೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಓದಿನ ಪರೀಕ್ಷೆ ನಿಂತಿತು. ಕ್ಲಾರ್ಕ್ 1975ರಲ್ಲಿ, ಒಂದು ಕಾಲಕ್ಕೆ ತಮ್ಮನ್ನು ಕೆಲಸದಿಂದ ತೆಗೆದಿದ್ದ ಚಾರ್ಲ್‌ಸ್ಟನ್‌ನಲ್ಲೇ ಶಾಲಾ ಮಂಡಳಿಗೆ ಆರಿಸಿ ಬಂದರು. ಕಿತ್ತುಕೊಂಡಿದ್ದ ಪಿಂಚಣಿಯನ್ನು ರಾಜ್ಯ ಮರಳಿಸಲು ಒಪ್ಪಿದ್ದು ಮರುವರ್ಷ, ಅಂದರೆ 20 ವರ್ಷಗಳ ಮೇಲೆ.

ಜೆಂಕಿನ್ಸ್ ಕಾಯ್ದೆ ಬಂದಿತೆಂದು ಕೈಕಟ್ಟಿ ಕೂರಲಿಲ್ಲ. ಅವರ ಬಳಿ ಆಗ ಒಂದು ಫೋಕ್ಸ್‌ವ್ಯಾಗನ್ ವ್ಯಾನ್ ಇತ್ತು. ಪ್ರೀತಿಯಿಂದ ಪ್ರಗತಿ, ದ್ವೇಷ ಬಲು ದುಬಾರಿ ಎಂಬರ್ಥದ ಸಾಲನ್ನು ಅದರ ಹಿಂಬದಿಗೆ ಬರೆಸಿದ್ದರು. ಆ ಹಿಂಬಾಗಿಲು ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ದ್ವೇಷವನ್ನೂ ಖರ್ಚಿನ ಲೆಕ್ಕದಲ್ಲೇ ಅಳೆದದ್ದು ತರಕಾರಿ ವ್ಯಾಪಾರಿಯ ಬುದ್ಧಿ. 1966ರಲ್ಲಿ ಅವರು ಮುಂದೆ ನಿಂತು ಒಂದು ಪತ್ತಿನ ಸಂಘ ತೆರೆಸಿದರು. ಬಿಳಿಯರ ಬ್ಯಾಂಕಿನಲ್ಲಿ ಕಪ್ಪು ಜನಕ್ಕೆ ಸಾಲ ಹುಟ್ಟುವುದು ಕಷ್ಟವಿದ್ದ ಕಾಲ ಅದು. ಮನೆ ಕಟ್ಟುವವರು, ಅಂಗಡಿ ಇಡುವವರು, ಲಾರಿ ಕೊಳ್ಳುವವರು ಇನ್ನು ತಮ್ಮದೇ ಉಳಿತಾಯದಿಂದ ಸಾಲ ತೆಗೆಯಬಹುದಿತ್ತು. 1972ರಲ್ಲಿ ಕಾರು ಅಪಘಾತದಲ್ಲಿ ಪೆಟ್ಟಾಗಿ ತೀರಿಕೊಳ್ಳುವ ತನಕ ಅವರು ಓಡಾಡುತ್ತಿದ್ದದ್ದು ಇಂಥ ಕೆಲಸಗಳಿಗೇ.